ಭೀಮನ ಕಿವಿ

ಹಿರೀಸಾವೆಯಿಂದ ಒಳಕ್ಕೆ ಮೂರು ಕಿಲೋಮೀಟರ್ ದೂರದ ಆ ಊರಿನಲ್ಲಿ ಭೀಮನಿಗೆ ತೋಟವಿರಲಿಲ್ಲ, ಹೊಲವಿರಲಿಲ್ಲ, ಪಂಚಾಯ್ತಿಯಲ್ಲಿ ಅವನ ಮಾತು ನಡೆಯುತ್ತಲೂ ಇರಲಿಲ್ಲ. ಇದ್ದದ್ದು ಒಂದು ಜೊತೆ ಕಿವಿ. ಆ ಕಿವಿಗಳ ಮೇಲೆ ಅವನಿಗಿದ್ದ ಜಂಬ ಮಾತ್ರ ಹತ್ತೆಕರೆ ತೆಂಗು ಇದ್ದವರಿಗೂ ತಮ್ಮ ತೋಟದ ಮೇಲೆ ಇರಲಿಲ್ಲ.

ಕೊಬ್ಬರಿ ಕೆಲಸ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗಬಾರದು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯಿ ಸುಲಿದು ಚಿಪ್ಪಿಗೆ ಮಚ್ಚಿನಿಂದ ಹದವಾಗಿ ಏಟು ಕೊಟ್ಟರೆ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ಬಿಟ್ಟುಕೊಳ್ಳದ ಕಾಯಿಗೆ ಏಟು ಬಿತ್ತೋ, ಚಿಪ್ಪಿನ ಜೊತೆ ಕೊಬ್ಬರಿಯೂ ಹೋಳಾಗುತ್ತದೆ. ಬಿಟ್ಟಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಲೊಡಲೊಡ ಎಂದರೆ ಯಾರಿಗಾದರೂ ಗೊತ್ತಾಗುತ್ತದೆ. ಕಷ್ಟವಿರುವುದು ಒಂದು ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲು ಕಚ್ಚಿಕೊಂಡ ಅರೆಬರೆ ಕಾಯಿಯಲ್ಲಿ. ಅದೂ ಸದ್ದು ಮಾಡುತ್ತದೆ, ಆದರೆ ಕೊಂಚ ಮಂಕು ಸದ್ದು. ಆ ವ್ಯತ್ಯಾಸ ಭೀಮನಿಗೆ ಟ್ರ್ಯಾಕ್ಟರ್ ಗದ್ದಲದಲ್ಲೂ ಕೇಳಿಸುತ್ತಿತ್ತು. ಅವನ ಅಪ್ಪ ದೇವಯ್ಯನಿಗೂ ಅಷ್ಟು ಸೂಕ್ಷ್ಮ ಇರಲಿಲ್ಲವೆಂದು ಹಳಬರು ಹೇಳುತ್ತಿದ್ದರು, ಭೀಮ ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದ.

ಕೊಬ್ಬರಿ ಕ್ವಿಂಟಲಿಗೆ ಹದಿನೆಂಟು ಸಾವಿರ ಮುಟ್ಟಿದ್ದ ಕಾಲದಲ್ಲಿ ಅವನ ಗತ್ತು ನೋಡಬೇಕಿತ್ತು. ತೋಟದವರು ಬೆಳಿಗ್ಗೆ ಆರಕ್ಕೇ ಬೈಕು ತಂದು ಅವನ ಮನೆ ಮುಂದೆ ನಿಲ್ಲಿಸುತ್ತಿದ್ದರು. ಸಾವಿರ ಕಾಯಿಗೆ ಇಷ್ಟು ಎಂದು ಅವನು ಹೇಳಿದ್ದೇ ರೇಟು. 'ನಾಡಿದ್ದು ನೋಡಾಣ ಬುಡಿ' ಎಂದು ಹಲ್ಲುಜ್ಜುತ್ತಲೇ ದೊಡ್ಡ ದೊಡ್ಡವರನ್ನು ವಾಪಸ್ಸು ಕಳಿಸಿದ್ದೂ ಉಂಟು. ಕೈ ಸಾಲದೇ ಬಂದಾಗ ಹೆಂಡತಿ ಶಾಂತಿಗೂ ಒಂದು ಮಚ್ಚು ಕೊಟ್ಟು ಕೂರಿಸಿದ. ಅದುವರೆಗೆ ಅವಳು ಚಿಪ್ಪು ಆಯ್ದು ಚೀಲ ತುಂಬುತ್ತಿದ್ದವಳು. ಎಲ್ಲಿ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಲ್ಲ ಅವನೇ ಕಲಿಸಿದ. ಅವಳು ಬೇಗ ಕಲಿತಳು. ಇಷ್ಟು ಬೇಗ ಕಲಿಯಬಾರದಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು, ಆದರೆ ಆಗ ಖುಷಿಯೇ ಆಗಿತ್ತು. ಇಬ್ಬರೂ ಒಡೆದದ್ದು ಒಂದೇ ರಾಶಿಗೆ ಬೀಳುತ್ತಿತ್ತು, ರಾಶಿಯ ಹೆಸರು ಭೀಮನದಾಗಿತ್ತು. ಭೀಮ ಒಬ್ಬನೇ ಇಬ್ಬರ ಕೆಲಸ ಮಾಡುತ್ತಾನೆ ಎಂದು ಊರವರು ಹೊಗಳಿದರೆ ಶಾಂತಿಯೂ ಹೌದೆಂದು ತಲೆಯಾಡಿಸುತ್ತಿದ್ದಳು.

ಆಮೇಲೆ ರೇಟು ಬಿತ್ತು. ತಿಪಟೂರಿನ ಹರಾಜಿನಲ್ಲಿ ವಾರ ವಾರ ಇಳಿದು ಎಂಟು ಸಾವಿರದ ಹತ್ತಿರ ಬಂದು ಕೂತಿತು. ಉತ್ತರದ ಕಡೆ ವ್ಯಾಪಾರ ಕುಸಿದಿದೆ ಎಂದರು, ಹೊರದೇಶದ ಎಣ್ಣೆ ಬಂದಿದೆ ಎಂದರು, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತೋಟದವರು ಮಾತ್ರ ಒಂದೇ ಕೆಲಸ ಮಾಡಿದರು. ರೇಟು ಬರಲಿ, ಆಮೇಲೆ ಇಳಿಸೋಣ ಎಂದು ಅಟ್ಟದ ಬಾಗಿಲು ಹಾಕಿಬಿಟ್ಟರು. ಅವರು ತಡೆದುಕೊಳ್ಳಬಲ್ಲರು. ಕಾಯಿ ಅಟ್ಟದಲ್ಲಿ ಕೂತರೆ ಸುಲಿಯುವವನು ಜಗಲಿಯಲ್ಲಿ ಕೂರಬೇಕಾಗುತ್ತದೆ, ಇದನ್ನು ಯಾರೂ ಯೋಚಿಸಲಿಲ್ಲ. ಭೀಮನ ಜೊತೆಯವರು ಕೆಲವರು ಹಾಸನಕ್ಕೆ ಗಾರೆ ಕೆಲಸಕ್ಕೆ ಹೋದರು, ಇಬ್ಬರು ಹೈವೇ ಹೋಟೆಲಿನಲ್ಲಿ ಪ್ಲೇಟು ತೊಳೆಯಲು ಸೇರಿದರು. ಭೀಮ ಹೋಗಲಿಲ್ಲ. ಈ ಕಿವಿ ಇಟ್ಟುಕೊಂಡು ಗಾರೆ ಕಲಸಲೇ ಎಂದು ಕೇಳುತ್ತಿದ್ದ. ಶಾಂತಿ ಮಾತಿಲ್ಲದೆ ಕಳೆ ಕೀಳಲು, ರಾಗಿ ಕೊಯ್ಲಿಗೆ ಹೋಗಿ ಮನೆ ನಡೆಸಿದಳು. ಮಗಳು ಯಶಸ್ವಿನಿ ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದುದರಿಂದ ಮನೆಯಲ್ಲಿ ಇವರಿಬ್ಬರೇ.

ಹೀಗಿರುವಾಗ ಒಂದು ಬೆಳಿಗ್ಗೆ ನಂಜಯ್ಯನವರ ಮೊಪೆಡ್ ಮನೆ ಮುಂದೆ ನಿಂತಿತು. ನಂಜಯ್ಯ ಎಂದರೆ ಊರಿನ ದೊಡ್ಡ ತೆಂಗಿನ ತೋಟದವರು. ಇಪ್ಪತ್ತೈದು ವರ್ಷದಿಂದ ಅವರ ಅಟ್ಟ ಇಳಿಸಿದವನು ಭೀಮನೇ. ಅವನು ಟವಲು ಕೊಡವಿಕೊಂಡು ಎದ್ದ.

"ಶಾಂತಿ ಇಲ್ವೇನ್ಲಾ?" ಎಂದರು ನಂಜಯ್ಯ.

"ಅವ್ಳು ಯಾಕೆ ಯಜಮಾನ್ರೇ? ನಾನಿಲ್ವಾ?"

"ಸರ್ಕಾರದ ಖರೀದಿ ಕೇಂದ್ರದಲ್ಲಿ ಟೋಕನ್ ಸಿಕ್ಕೈತೆ ಕಣ್ಲಾ. ಸೋಮವಾರ ಕೊಬ್ಬರಿ ತಗೊಂಡ್ ಓಗ್ಬೇಕು. ಪ್ಯಾಟೆಗಿಂತ ಮೂರು ನಾಕು ಸಾವ್ರ ಜಾಸ್ತಿ. ಆದ್ರೆ ಅಲ್ಲಿ ಇಡೀ ಉಂಡೆ ಮಾತ್ರ ತಗಳೋದು, ಹೋಳಾಗಿದ್ರೆ ಚೀಲಾನೇ ವಾಪಸ್ ಕಳಿಸ್ತಾರೆ. ಸಾವ್ರದ ಲೆಕ್ಕ ಈ ವರ್ಸ ಬ್ಯಾಡ. ದಿನಗೂಲಿ. ಒಡೆಯಾಕೆ ಶಾಂತಿ ಬರ್ಲಿ. ನೀನು ಕಾಯಿ ಆರಿಸಿ, ಸುಲ್ದು ಅವ್ಳಿಗೆ ಕೊಡು."

ಭೀಮನಿಗೆ ಮೊದಲು ಅರ್ಥವೇ ಆಗಲಿಲ್ಲ. "ನಾನು ಅವ್ಳಿಗೆ ಕೊಡದಾ?"

"ಬೇಜಾರ್ ಮಾಡ್ಕಬ್ಯಾಡ. ನಿಂದು ಏಟು ಬಿರುಸು, ಕೆಲ್ಸ ಬೇಗ. ರೇಟ್ ಇದ್ದಾಗ ಹತ್ತರಲ್ಲಿ ಒಂದು ಹೋಳಾದ್ರೂ ನಡೀತಿತ್ತು. ಈಗ ನಡೆಯಾಕಿಲ್ಲ. ಅವ್ಳ ಕೈನಾಗೆ ನೂರಕ್ಕೆ ಒಂದು ಹೋಳಾದ್ರೆ ಹೆಚ್ಚು, ನಮ್ಮನೆಯವ್ಳು ಕಂಡವ್ಳೆ." ಮೊಪೆಡ್ ತಿರುಗಿಸುತ್ತ ಇನ್ನೊಂದು ಮಾತು ಸೇರಿಸಿದರು. "ನುಗ್ಗೇಹಳ್ಳಿಯ ನಮ್ಮ ಬಾಮೈದಂದೂ ಅಟ್ಟ ತುಂಬೈತೆ. ಇಲ್ಲಿ ಸರಿಯಾಗಿ ಬಂದ್ರೆ ಅಲ್ಲಿಗೂ ಕಳಿಸ್ತೀನಿ. ಅದು ಒಂದು ತಿಂಗಳ ಕೆಲ್ಸ."

ಸುತ್ತಮುತ್ತ ಆ ವರ್ಷ ಇಳಿಯುವ ಅಟ್ಟ ಅವೆರಡೇ. ಕಳೆದುಕೊಂಡರೆ ಮುಂದಿನ ಸುಗ್ಗಿಯವರೆಗೆ ಕಳೆ ಕೀಳುವುದೇ ಗತಿ ಎಂದು ಭೀಮನಿಗೂ ಗೊತ್ತಿತ್ತು. ಆದರೂ ಶಾಂತಿ ನೀರು ಹೊತ್ತು ಬಂದಾಗ ಅವನು ಹೇಳಿದ್ದು, "ನಿನ್ನ ಕರೀತವ್ರೆ, ಓಗು" ಎಂದು. ಏನೋ ಸಾಲ ತೀರಿಸಲು ಕರೆದವರ ಹಾಗೆ.

ನಂಜಯ್ಯನವರ ಅಂಗಳದಲ್ಲಿ ಮಂಗಳವಾರ ಕೆಲಸ ಶುರುವಾಯಿತು. ಶಾಂತಿ ಹುಣಸೆ ಮರದ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತಳು. ಭೀಮ ಅಟ್ಟ ಹತ್ತಿ ಕಾಯಿ ಉದುರಿಸಿ, ಒಂದೊಂದನ್ನೂ ಕಿವಿಗೆ ಹಿಡಿದು ಮೂರು ಗುಡ್ಡೆ ಮಾಡಿದ. ಬಿಟ್ಟಿದ್ದು ಒಂದು, ನೀರು ಉಳಿದದ್ದು ಒಂದು, ಅರೆಬರೆ ಒಂದು. ಬಿಟ್ಟ ಕಾಯಿಯನ್ನು ಬಿಸಿಲಿನಲ್ಲಿ ನೆಟ್ಟ ಹಾರೆಗೆ ಚುಚ್ಚಿ ಸುಲಿದು ಅವಳ ಮುಂದೆ ತಂದು ಸುರಿದ. ಅವಳು ಕಾಯಿಯನ್ನು ಅಂಗೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸುತ್ತ ಮೂರು ಕಡೆ ಮೆಲ್ಲಗೆ ತಟ್ಟುತ್ತಿದ್ದಳು. ಚಿಪ್ಪು ಎರಡು ಪಾಲಾಗಿ ಕಳಚಿ, ಕಂದು ಉಂಡೆ ಉರುಳಿ ಬರುತ್ತಿತ್ತು. ಸುಲಿದ ಕಾಯಿಯನ್ನು ಅವಳು ಒಮ್ಮೆಯೂ ಕಿವಿಗೆ ಹಿಡಿದು ನೋಡಲಿಲ್ಲ. ಅವನು ಕೇಳಿ ಕೊಟ್ಟ ಮೇಲೆ ಮುಗಿಯಿತು, ಅದರಲ್ಲಿ ನೋಡುವುದೇನಿದೆ ಎಂಬುದು ಅವಳ ಲೆಕ್ಕ.

ಭೀಮನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅಲ್ಲೇ. ಅವಳಿಗೆ ನೆರಳು, ಅವನಿಗೆ ಬಿಸಿಲು. ನಂಜಯ್ಯನವರ ಹೆಂಡತಿ ಸುವರ್ಣಮ್ಮ ಪೇಪರ್ ಲೋಟದಲ್ಲಿ ಟೀ ತಂದರೆ ಮೊದಲು ಅವಳಿಗೆ. ದಾರಿಯಲ್ಲಿ ಹೋಗುವವರು ಬೇಲಿ ಪಕ್ಕ ನಿಂತು ನೋಡುವುದೂ ಅವಳ ಕೈಯನ್ನೇ. ಯಾರಾದರೂ ಗಂಡಸು ಬಂದು ಅವನ ಜಾಗದಲ್ಲಿ ಕೂತಿದ್ದರೆ ಜಗಳ ತೆಗೆಯಬಹುದಿತ್ತು, ಹೋಗಲಿ ಅವನ ಮೇಲೆ ಚಾಡಿಯಾದರೂ ಹೇಳಬಹುದಿತ್ತು. ಇಲ್ಲಿ ಕೂತಿರುವವಳು ತನ್ನ ಹೆಂಡತಿ, ಸಂಜೆಯಾದರೆ ತನಗೇ ಮುದ್ದೆ ತಿರುವಿ ಹಾಕುವವಳು. ಅವಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ತಣ್ಣಗಾಗಲಿಲ್ಲ.

ಸಂಜೆ ಕ್ರಾಸಿನ ಟೀ ಅಂಗಡಿಯಲ್ಲಿ ಪಾಲಾಕ್ಷ ಗಲ್ಲಾ ಮೇಲಿಂದಲೇ ಕೆಣಕಿದ. "ಏನ್ ಭೀಮಣ್ಣ, ಈಗ ಶಾಂತಕ್ಕನ ಕೈಕೆಳಗೆ ಕೆಲ್ಸವಂತೆ? ರಜಾ ಬೇಕಂದ್ರೆ ಅವ್ರನ್ನೇ ಕೇಳ್ಬೇಕೇನೋ?"

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಭೀಮನೂ ನಕ್ಕ, ಟೀ ಅರ್ಧಕ್ಕೆ ಬಿಟ್ಟು ಎದ್ದ.

ಮನೆಯಲ್ಲಿ ಶಾಂತಿ ಕೂಲಿ ದುಡ್ಡನ್ನು ಎಂದಿನಂತೆ ಅವನ ಕೈಗೇ ಕೊಟ್ಟಳು. "ನೀನು ಸರಿಯಾಗ್ ಆರ್ಸಿ ಕೊಡದ್ಕೆ ಉಂಡೆ ಚೆಂದಾಗಿ ಬತ್ತಾವೆ ಕಣ" ಎಂದಳು. ಅವಳು ಮನಸಾರೆ ಹೇಳಿದ ಮಾತು. ಅವನಿಗೆ ಅದರಲ್ಲಿ ಕೇಳಿಸಿದ್ದು ಕನಿಕರ. ಅಷ್ಟು ಒಳ್ಳೆಯ ಕಿವಿ ಮನೆಯ ಮಾತಿಗೆ ಬಂದರೆ ಕೆಲಸಕ್ಕೆ ಬಾರದ್ದಾಗುತ್ತಿತ್ತು.

ಬುಧವಾರ, ಗುರುವಾರ ಹೀಗೇ ಕಳೆಯಿತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಚೀಲಗಳು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದವು. ಸುವರ್ಣಮ್ಮ ಒಂದು ಉಂಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಒಂದು ಗೀರಿಲ್ಲ.

"ನೋಡ್ರಪ್ಪ, ಹೋದ ಸಲಾನೂ ನಮ್ಮ ಒಳ್ಳೊಳ್ಳೆ ಉಂಡೆ ಎಲ್ಲಾ ತೆಗೆದಿದ್ದು ಇವ್ಳೇ" ಎಂದರು, ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯವರಿಗೆ ಕೇಳುವಂತೆ. "ಕೈ ಇವ್ಳದು, ಹೆಸರು ಮಾತ್ರ ಭೀಮಂದು."

ಶಾಂತಿ ಇಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಅಂದಿದ್ದಳು. ಆ ದಿನ ಏನೂ ಅನ್ನಲಿಲ್ಲ, ತಲೆ ತಗ್ಗಿಸಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಸಣ್ಣಗೆ ನಕ್ಕಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ನಕ್ಕದ್ದು ಅದೊಂದೇ ನಗು ಇರಬೇಕು. ಭೀಮ ಅದನ್ನು ಹಾರೆಯ ಬಳಿಯಿಂದ ನೋಡಿದ, ಅವನ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅವನು ಮಾಡಿದ್ದನ್ನು ಕೊಬ್ಬರಿ ಕೆಲಸದವನಷ್ಟೇ ಮಾಡಬಲ್ಲ. ಅವನು ಅರೆಬರೆ ಗುಡ್ಡೆಗೆ ಹೋದ. ಒಂದೊಂದನ್ನೂ ಕಿವಿಗೆ ಹಿಡಿದು, ಅತಿ ಹೆಚ್ಚು ಮೋಸ ಮಾಡುವ ಸದ್ದಿನ ಕಾಯಿಗಳನ್ನೇ ಆರಿಸಿದ. ಇಪ್ಪತ್ತೈದು ವರ್ಷ ಯಾವ ಕಾಯಿಗಳನ್ನು ದೂರವಿಟ್ಟಿದ್ದನೋ ಅವನ್ನೇ ಅಷ್ಟೇ ಶ್ರದ್ಧೆಯಿಂದ ಹುಡುಕಿ ನೀಟಾಗಿ ಸುಲಿದು ಅವಳ ಮುಂದೆ ಸುರಿದ.

ಮೊದಲನೆಯದು ಹೋಳಾಯಿತು. ಶಾಂತಿ ಹೋಳನ್ನು ಬದಿಗಿಟ್ಟು ಇನ್ನೊಂದು ತೆಗೆದುಕೊಂಡಳು. ಅದೂ ಹೋಳು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಮಚ್ಚಿನ ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿ, ಕಲ್ಲಿಗೆ ಎರಡು ಸಲ ಮಸೆದಳು. ಕೂತ ಭಂಗಿ ಬದಲಿಸಿದಳು. ಏಟನ್ನು ಇನ್ನೂ ಮೆದುವಾಗಿ ಕೊಟ್ಟಳು. ಹೋಳಿನ ಮೇಲೆ ಹೋಳು ಬೀಳುತ್ತ ಹೋಯಿತು. ಅವಳು ಎಲ್ಲವನ್ನೂ ಅನುಮಾನಿಸಿದಳು, ಗಂಡನ ಕಿವಿಯೊಂದನ್ನು ಬಿಟ್ಟು. ಇವತ್ತೂ ಒಂದು ಕಾಯಿಯನ್ನಾದರೂ ಅಲ್ಲಾಡಿಸಿ ನೋಡಬೇಕೆಂದು ಅವಳಿಗೆ ತೋಚಲಿಲ್ಲ.

ಭೀಮ ಹಾರೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ. ಪ್ರತಿ ಏಟು ಬಿದ್ದಾಗಲೂ ಚಿಪ್ಪಿನ ಜೊತೆ ಕೊಬ್ಬರಿ ಸೀಳುವ ಸದ್ದು ಅವನಿಗೆ ಬೇರೆಯಾಗಿಯೇ ಕೇಳುತ್ತಿತ್ತು. ಮೊದಲ ನಾಲ್ಕೈದು ಸಲ ಹಿತವಾಗಿತ್ತು. ಆಮೇಲೆ ಹಿತವಾಗಿರಲಿಲ್ಲ, ಆದರೆ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ.

ನಂಜಯ್ಯ ತೋಟದಿಂದ ಬಂದವರು ಹೋಳಿನ ರಾಶಿ ನೋಡಿ ನಿಂತೇಬಿಟ್ಟರು. "ಏನಮ್ಮ ಇದು, ಮುವ್ವತ್ತು ನಲವತ್ತು ಹೋಳು?"

"ಗೊತ್ತಾಯ್ತಿಲ್ಲ ಯಜಮಾನ್ರೇ. ಕೈ ಯಾಕೋ ನಿಲ್ತಾ ಇಲ್ಲ."

"ಸೋಮವಾರ ಟೋಕನ್ನು! ನಾನು ನುಗ್ಗೇಹಳ್ಳಿಗೆ ಬ್ಯಾರೆ ಫೋನ್ ಮಾಡಿ, ಬಂಗಾರದಂಥ ಕೈ ಅಂತ ಯೋಳ್ಬುಟ್ಟಿವ್ನಿ." ಅವರು ಒಂದು ಹೋಳನ್ನು ಎತ್ತಿಕೊಂಡು ಕೆಳಗೆ ಹಾಕಿದರು. "ಕಾಯಿ ಸರಿಯಿಲ್ಲ ಅನ್ನಂಗೂ ಇಲ್ಲ. ಆರ್ಸಿರೋನು ಭೀಮ. ಇಪ್ಪತ್ತೈದು ವರ್ಸದಾಗೆ ಇವ್ನ ಕಿವಿ ಒಂದ್ ಸಲ ತಪ್ಪಿದ್ದು ನಾ ಕಂಡಿಲ್ಲ. ತಾಲೂಕಿನಾಗೇ ಇಂಥ ಕಿವಿ ಇಲ್ಲ."

ನಾಲ್ಕು ದಿನದಿಂದ ಭೀಮ ಕಾಯುತ್ತಿದ್ದ ಮಾತು ಇದೇ. ಸುವರ್ಣಮ್ಮನ ಎದುರಿಗೆ, ಬೇಲಿಯಾಚೆಯವರ ಎದುರಿಗೆ, ಶಾಂತಿಯ ಎದುರಿಗೆ ಬಂದಿತ್ತು. ಒಂದು ಗಳಿಗೆ ಅವನ ಎದೆ ತಣ್ಣಗಾಯಿತು.

"ನಾಳೆಯಿಂದ ಮಚ್ಚು ನೀನೇ ಹಿಡೀಲಾ ಭೀಮ. ಸಾವಕಾಶವಾಗಿ ಒಡಿ. ನುಗ್ಗೇಹಳ್ಳಿಗೂ ನೀನೇ ಓಗು. ಅಮ್ಮಿ, ನೀನು ಚಿಪ್ಪು ಆಯ್ಕೊಂಡಿರು, ಇಲ್ಲಾ ಮನೆಗೋಗು. ನಾನೂ ಎಷ್ಟೂಂತ ಲುಕ್ಸಾನ್ ತಡೀಲಿ."

ಬೇಕೆಂದದ್ದೆಲ್ಲ ಸಿಕ್ಕಿತ್ತು. ಭೀಮ ಹೆಂಡತಿಯ ಕಡೆ ನೋಡಿದ. ಅವಳು ಮಚ್ಚನ್ನು ಕೆಳಗಿಟ್ಟು, ತನ್ನ ಬಲಗೈಯನ್ನು ಮುಂದೆ ಹಿಡಿದು, ಅಂಗೈ ಒಮ್ಮೆ, ಮುಂಗೈ ಒಮ್ಮೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆ ಕೈಗೆ ಏನೋ ಆಗಿಹೋಗಿದೆ ಎಂದು ಅವಳು ನಂಬಿಬಿಟ್ಟಿದ್ದಳು. ಬೈದಿದ್ದರೆ ಭೀಮ ತಡೆದುಕೊಳ್ಳುತ್ತಿದ್ದ. ಇದನ್ನು ನೋಡಿಕೊಂಡು ನಿಲ್ಲಲು ಅವನಿಂದ ಆಗಲಿಲ್ಲ.

"ಅವ್ಳ ಕೈಯಲ್ಲ ಯಜಮಾನ್ರೇ" ಎಂದ.

"ಮತ್ತೆ?"

ನಿಜ ಗಂಟಲವರೆಗೆ ಬಂದಿತ್ತು. ಅದನ್ನು ಆಡುವಷ್ಟು ದೊಡ್ಡ ಮನುಷ್ಯ ಅವನಾಗಿರಲಿಲ್ಲ. ಸುಮ್ಮನಿರುವಷ್ಟು ಕೆಟ್ಟವನೂ ಅಲ್ಲ. "ನನ್ ಕಿವಿ ಓಗೈತೆ" ಎಂದ. "ಕೇಳ್ಸಾಕಿಲ್ಲ. ಒಂದಷ್ಟು ದಿನದಿಂದ ಇಂಗೇ ಆಗೈತೆ. ಯಾರ್ಗೂ ಯೋಳ್ನಿಲ್ಲ. ಅಂದಾಜಿನ ಮ್ಯಾಲೆ ಆರಿಸ್ತಿದ್ದೆ."

ನಂಜಯ್ಯನವರಿಗೆ ನಂಬಿಕೆ ಬರಲಿಲ್ಲ. ಅವರು ಮೆಲ್ಲಗೆ ಭೀಮನ ಹಿಂದಕ್ಕೆ ಹೋಗಿ, ನಾಲ್ಕು ಮಾರು ದೂರದಲ್ಲಿ ನಿಂತು, ಪಿಸುಮಾತಿಗಿಂತ ಸ್ವಲ್ಪ ಮೇಲೆ ಕರೆದರು. "ಭೀಮಾ."

ಭೀಮನಿಗೆ ಅವರ ಚಪ್ಪಲಿಯ ಕೆಳಗೆ ಚಿಪ್ಪಿನ ಚೂರು ಮುರಿದದ್ದೂ ಕೇಳಿತ್ತು. ಅವನು ತಿರುಗಲಿಲ್ಲ. ಕೊಬ್ಬರಿ ರಾಶಿಯನ್ನೇ ನೋಡುತ್ತ ನಿಂತ. ನಂಜಯ್ಯ ಇನ್ನೊಮ್ಮೆ ಕರೆದರು. ಆಗಲೂ ತಿರುಗಲಿಲ್ಲ.

"ಅಯ್ಯೋ, ಎಂಥಾ ಕಿವಿ ಹಾಳಾಗೋಯ್ತಲ್ಲ" ಎಂದರು ಸುವರ್ಣಮ್ಮ. ಬೇಲಿಯಾಚೆಯವರು ಲೊಚಗುಟ್ಟಿದರು. ಸಂಜೆಯೊಳಗೆ ಈ ಸುದ್ದಿ ಪಾಲಾಕ್ಷನ ಅಂಗಡಿ ಮುಟ್ಟುತ್ತದೆ, ಇನ್ನು ಮೇಲೆ ಯಾವ ತೋಟದವರೂ ಕಾಯಿ ಕೇಳಲು ತನ್ನನ್ನು ಕರೆಯುವುದಿಲ್ಲ ಎಂದು ಭೀಮನಿಗೆ ಗೊತ್ತಿತ್ತು.

ನಂಜಯ್ಯ ಅರೆಬರೆ ಗುಡ್ಡೆಯಿಂದ ಒಂದು, ಬಿಟ್ಟ ಗುಡ್ಡೆಯಿಂದ ಒಂದು ಕಾಯಿ ತಂದು ಶಾಂತಿಯ ಮುಂದಿಟ್ಟರು. "ನೀನೇ ಕೇಳಮ್ಮಿ, ಯಾವ್ದು ಬಿಟ್ಟೈತೆ ನೋಡು."

ಅವಳು ಎರಡನ್ನೂ ಒಂದಾದ ಮೇಲೊಂದು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಮತ್ತೆ ಮೊದಲನೆಯದನ್ನು ಹಿಡಿದಳು. ಹತ್ತು ಹೆಜ್ಜೆ ದೂರದಿಂದ ಭೀಮನಿಗೆ ಎಡಗೈಯಲ್ಲಿದ್ದುದು ಬಿಟ್ಟಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳು ತಪ್ಪಲಿ ಎಂದು ಆಗಲೂ ಅವನೊಳಗೆ ಏನೋ ಒಂದು ಬೇಡಿಕೊಂಡಿತು. ಅವಳು ಎಡಗೈ ಕಾಯಿಯನ್ನೇ ಮುಂದಕ್ಕೆ ಚಾಚಿದಳು. ಸುಲಿದು ಒಡೆದಾಗ ಉಂಡೆ ಇಡಿಯಾಗಿ ಬಂತು.

"ಸರಿ, ಆರ್ಸೋದೂ ನೀನೇ, ಒಡೆಯೋದೂ ನೀನೇ" ಎಂದರು ನಂಜಯ್ಯ. "ಭೀಮ ಸುಲ್ದು ಹಾಕ್ಲಿ. ಬುಧವಾರದಿಂದ ನುಗ್ಗೇಹಳ್ಳಿಗೂ ನೀನೇ ಓಗು, ಅವ್ರಿಗೆ ನಾನು ಯೋಳ್ತೀನಿ." ಆಮೇಲೆ ಭೀಮನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು, "ಡಾಕ್ಟರಿಗೆ ತೋರಿಸ್ಕೊಳ್ಲಾ!"

ಐದೂವರೆಗೆ ಇಬ್ಬರೂ ಮನೆಗೆ ಹೊರಟರು. ಭೀಮ ಮುಂದೆ, ಶಾಂತಿ ಹಿಂದೆ. ಕಾಲುವೆ ಏರಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಭೀಮನಿಗೆ ಅವಳ ಉಸಿರು ಕೇಳುತ್ತಿತ್ತು, ಚೀಲದೊಳಗೆ ಮಚ್ಚು ಟಿಫಿನ್ ಡಬ್ಬಿಗೆ ತಾಗುವುದು ಕೇಳುತ್ತಿತ್ತು. ಬೆಳಿಗ್ಗೆ ತಾನೇ, ಅವಳಿಗಿಂತ ಮೊದಲು, ಕಂಬಳಿಯೊಳಗೆ ಸಿಕ್ಕಿಕೊಂಡ ಫೋನಿನ ಸದ್ದು ಕೇಳಿ ಎದ್ದವನು ಅವನು. ಅದು ಅವಳಿಗೂ ನೆನಪಾಗಿರಬೇಕು.

ಏರಿಯ ತುದಿಯಲ್ಲಿ ಅವಳು ಕೇಳಿದಳು. ಹದಿನೆಂಟು ವರ್ಷದಿಂದ ಅವನೊಡನೆ ಆಡುತ್ತಿದ್ದ ಅದೇ ಸಣ್ಣ ದನಿಯಲ್ಲಿ, ಒಂದು ಎಳೆಯೂ ಏರಿಸದೆ.

"ಬೇಕಂತ್ಲೇ ಆ ಕಾಯ್ ಆಕ್ದಾ?"

ಭೀಮನ ಕಾಲು ಒಂದು ಕ್ಷಣ ತಡೆಯಿತು. ತಿರುಗಿದರೆ ಎಲ್ಲವನ್ನೂ ಹೇಳಬೇಕು. ಅವನು ತಿರುಗಲಿಲ್ಲ, ಹೆಜ್ಜೆ ಹಾಕಿದ. ಅವಳು ಇನ್ನೊಂದು ಸಲ ಕೇಳಲಿಲ್ಲ.

ಮನೆಗೆ ಬಂದು ಅವಳು ಒಲೆ ಹಚ್ಚಿ, ಮುದ್ದೆ ತಿರುವಿ, ಸಾರು ಬಿಸಿ ಮಾಡಿದಳು. ತಟ್ಟೆ ತಂದು ಅವನ ಮುಂದಿಟ್ಟಳು. ಆಮೇಲೆ ಬಗ್ಗಿ, ಅವನ ಕಿವಿಯಿಂದ ಗೇಣು ದೂರಕ್ಕೆ ಬಾಯಿ ತಂದು, ಕಿವುಡರಿಗೆ ಕೂಗುವ ಹಾಗೆ ಗಟ್ಟಿಯಾಗಿ ಕೂಗಿದಳು.

"ಊಟ ಮಾಡು!"

ಮನೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಇನ್ನು ಯಾರೂ ಇರಲಿಲ್ಲ.